ಬಾಡಿಗೆ ಮನೆಯ ಬೀಗ ಮತ್ತು ಸ್ವಾಧೀನದ ಹಕ್ಕು

ಬಾಡಿಗೆ ಬಾಕಿ ಉಳಿದಾಗ ಅಥವಾ ಕರಾರಿನ ಅವಧಿ ಮುಗಿದಾಗ ಬಾಡಿಗೆದಾರರ ಬೀಗದ ಮೇಲೆ ಮಾಲೀಕರು ತಮ್ಮದೊಂದು ಬೀಗ ಜಡಿಯುವುದುಂಟು. ಮನೆ ತಮ್ಮದಾದ ಮೇಲೆ ಬೀಗವೂ ತಮ್ಮದೇ ಎಂಬುದು ಅವರ ವಾದ. ಆದರೆ ಬಾಡಿಗೆ ನಡೆಯುತ್ತಿರುವಷ್ಟು ಕಾಲ ಬೀಗದ ಹಕ್ಕು ಒಡೆತನವನ್ನಲ್ಲ, ಸ್ವಾಧೀನವನ್ನು ಹಿಂಬಾಲಿಸುತ್ತದೆ ಎಂಬುದನ್ನು ಈ ಲೇಖನ ಪ್ರತಿಪಾದಿಸುತ್ತದೆ.

ಮಾಲೀಕರ ಹಕ್ಕಿನ ಎಲ್ಲೆ

1999ರ ಕರ್ನಾಟಕ ಬಾಡಿಗೆ ಅಧಿನಿಯಮ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದಿನ ಬಹುಪಾಲು ಬಾಡಿಗೆಗಳು ಆ ಮಿತಿಯನ್ನು ದಾಟಿರುವುದರಿಂದ 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಇಲ್ಲಿ ಮುಖ್ಯ ಆಧಾರ. ಬಾಡಿಗೆ ಸಲ್ಲಿಸಿ ಷರತ್ತು ಪಾಲಿಸುವವರು ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸಬಹುದೆಂದು ಅದರ 108(ಸಿ) ಪ್ರಕರಣ ಹೇಳುತ್ತದೆ. ಸೂಕ್ತ ವೇಳೆಯಲ್ಲಿ ಒಳಬಂದು ಮನೆಯ ಸ್ಥಿತಿ ನೋಡುವ ಹಕ್ಕು 108(ಎಂ) ಪ್ರಕಾರ ಮಾಲೀಕರಿಗಿದೆ. ನೋಡಿಹೋಗುವ ಈ ಹಕ್ಕಿನಿಂದ ಬಾಡಿಗೆದಾರರನ್ನು ಹೊರಗಿಡುವ ಅಧಿಕಾರ ಹುಟ್ಟುವುದಿಲ್ಲ.

ಅವಧಿ ಮುಗಿದ ಮೇಲೆ ಸ್ವಾಧೀನ ಬಿಟ್ಟುಕೊಡುವುದು ಬಾಡಿಗೆದಾರರ ಕರ್ತವ್ಯ. ಅವರು ಬಿಡದಿದ್ದರೆ ಮಾಲೀಕರು ನ್ಯಾಯಾಲಯಕ್ಕೇ ಹೋಗಬೇಕು. 1989ರ ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಪರವಾನಗಿಯ ಅವಧಿ ಮುಗಿದ ಮೇಲೆ ಸ್ವಾಧೀನದ ಹಕ್ಕಿಲ್ಲ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ಕಾನೂನುಮಾರ್ಗದ ಹೊರತು ತೆರವುಗೊಳಿಸುವಂತಿಲ್ಲ ಎಂದಿತು. ಕರ್ನಾಟಕದಿಂದಲೇ ಹೋದ ರಾಮೇಗೌಡ ಪ್ರಕರಣದಲ್ಲಿ 2003ರಲ್ಲಿ ಅದೇ ತತ್ತ್ವ ಮತ್ತೆ ದೃಢಪಟ್ಟಿತು.

ಹೀಗೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಬಹುದು. ಅಲ್ಲಿ ಮಾಲೀಕತ್ವದ ವಿಚಾರಣೆ ಬೇಕಿಲ್ಲ. ಸ್ವಾಧೀನವಿತ್ತೇ, ಒಪ್ಪಿಗೆಯಿಲ್ಲದೆ ಕಾನೂನುಬಾಹಿರವಾಗಿ ತಪ್ಪಿಸಲಾಯಿತೇ ಎಂಬುದಷ್ಟೇ ಪ್ರಶ್ನೆ. ಹಾಗಾಗಿ ಬಾಡಿಗೆ ರಸೀದಿ, ವಿದ್ಯುತ್ ಬಿಲ್ಲು, ಜಡಿದ ಬೀಗದ ದಿನಾಂಕ ಸಹಿತ ಛಾಯಾಚಿತ್ರಗಳಿಗೆ ಸಾಕ್ಷ್ಯವಾಗಿ ಹೆಚ್ಚಿನ ತೂಕ ಬರುತ್ತದೆ.

ಬಾಡಿಗೆದಾರರು ಬೀಗ ಬದಲಿಸಬಹುದೇ?

1882ರ ಅಧಿನಿಯಮ ಬೀಗವನ್ನು ಹೆಸರಿಸಿಲ್ಲ. ಸ್ವತ್ತಿಗೆ ಶಾಶ್ವತ ಹಾನಿ ಮಾಡಬಾರದೆಂಬ 108(ಒ) ಪ್ರಕರಣವೇ ಇಲ್ಲಿ ಅಳತೆಗೋಲು. ಹಿಂದಿನ ಬಾಡಿಗೆದಾರರ ಬಳಿ ಕೀಲಿಯ ನಕಲು ಉಳಿದಿರಬಹುದೆಂಬ ಭಯದಿಂದ ಚಿಲಕದ ಬೀಗ ಬದಲಿಸಿದರೆ ಹಾನಿಯೇನೂ ಆಗದು. ಕರಾರು ತಡೆಯದಿದ್ದರೆ ಅದು ಸಮ್ಮತವೆಂದೇ ನನ್ನ ಅಭಿಪ್ರಾಯ. ತೇಗದ ಬಾಗಿಲು ಕೊರೆದು ಡಿಜಿಟಲ್ ಬೀಗ ಕೂರಿಸುವುದು ಬೇರೆ ಮಾತು. ಕೊರೆದ ತೂತು ಬಾಗಿಲಲ್ಲೇ ಉಳಿಯುವುದರಿಂದ ಅದಕ್ಕೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವುದು ಲೇಸು.

ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಅಧಿನಿಯಮ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ. ಕರಾರು ಬೇರೆ ಹೇಳದಿದ್ದರೆ ಬಾಗಿಲು, ಕಪಾಟು, ಕಿಟಕಿಗಳ ಬೀಗ ಬದಲಾವಣೆ ಬಾಡಿಗೆದಾರರ ಹೊಣೆ. ಮಾಲೀಕರ ಪ್ರವೇಶಕ್ಕೆ 24 ಗಂಟೆ ಮೊದಲು ಸೂಚನೆ ಅಗತ್ಯ. ಆದರೆ ಇದು ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೇ; ರಾಜ್ಯ ಶಾಸನವಾಗದ ಹೊರತು ಬಂಧಕವಾಗದು.

ಉಪಸಂಹಾರ

ನ್ಯಾಯಾಲಯದ ದಾರಿ ದೀರ್ಘವಾದುದರಿಂದ ಮಾಲೀಕರ ಅಸಹನೆಗೆ ಕಾರಣಗಳಿವೆ. ಆದರೆ ಅದರ ಬೆಲೆಯನ್ನು ಮಕ್ಕಳ ಪುಸ್ತಕ, ವೃದ್ಧರ ಔಷಧಿ ಒಳಗೇ ಉಳಿದು ಬೀದಿಗೆ ಬಿದ್ದ ಕುಟುಂಬ ತೆರುವುದು ನ್ಯಾಯವಲ್ಲ. ಸುಣ್ಣಬಣ್ಣದ ಖರ್ಚನ್ನು ಮುಂಗಡದಲ್ಲಿ ಮುರಿದುಕೊಳ್ಳುವ ಷರತ್ತು ಬರೆಯುವ ಹನ್ನೊಂದು ತಿಂಗಳ ಕರಾರಿನಲ್ಲಿ ಕೀಲಿಗೂ ಒಂದು ಕಲಮು ಇರಲಿ. ಎಷ್ಟು ಕೀಲಿ ಕೊಡಲಾಗಿದೆ, ಬೀಗ ಬದಲಿಸಿದರೆ ಯಾರಿಗೆ ತಿಳಿಸಬೇಕು, ಬೆಂಕಿ ಅಥವಾ ನೀರು ಸೋರಿಕೆಯ ತುರ್ತಿನಲ್ಲಿ ಒಳಬರುವವರು ಯಾರು, ಮನೆ ಬಿಡುವಾಗ ಯಾವ ಬೀಗ ಉಳಿಯಬೇಕು ಎಂಬುದನ್ನು ಅದರಲ್ಲಿ ಬರೆಯಬೇಕು. ರಾಜ್ಯದ ಶಾಸನವೂ ಬೀಗ ಜಡಿದು ತೆರವುಗೊಳಿಸುವುದನ್ನು ಹೆಸರಿಸಿಯೇ ನಿಷೇಧಿಸಿ, ಸ್ವಾಧೀನವನ್ನು ಕೆಲವೇ ದಿನಗಳಲ್ಲಿ ಮರಳಿಸುವ ವಿಧಾನವನ್ನು ಒದಗಿಸಬೇಕು.