ಹದಿನೇಳಕ್ಕೇ ಸಿಕ್ಕ ಸೀಟು

ಹಿಂದೆ ನಮ್ಮ ಟೀಮ್‌ನಲ್ಲಿದ್ದ ಗೆಳೆಯನೊಬ್ಬ ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಹಾಸನದ ಕಡೆಯವನು. ಕಳೆದ ದೀಪಾವಳಿಗೆ ಫೋನ್ ಮಾಡಿದಾಗ ಹಬ್ಬದ ಮಾತು ಎರಡೇ ನಿಮಿಷಕ್ಕೆ ಮುಗೀತು. ಉಳಿದ ಮುಕ್ಕಾಲು ಗಂಟೆ ಪೂರ್ತಿ ಮಗಳ ಕಾಲೇಜು ಅರ್ಜಿಯದೇ ಕಥೆ. "ಬಿಎಸ್-ಎಂಡಿ ಒಂದು ಸಿಕ್ಕಿಬಿಟ್ರೆ ಸಾಕು ಮಾರಾಯ, ಆಮೇಲೆ ನಾವು ನಿಶ್ಚಿಂತೆ" ಅಂದ.

ನಮಗೆ ಇದು ತಕ್ಷಣ ಅರ್ಥ ಆಗಲ್ಲ. ನಮ್ಮಲ್ಲಿ ಪಿಯುಸಿ ಆದ ಮೇಲೆ ನೀಟ್ ಬರೆದು ನೇರವಾಗಿ ಎಂಬಿಬಿಎಸ್ ಸೇರ್ತೀವಿ. ಅಮೆರಿಕದಲ್ಲಿ ಹಾಗಿಲ್ಲ. ಮೊದಲು 4 ವರ್ಷದ ಡಿಗ್ರಿ ಮುಗಿಸಬೇಕು. ಆಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ, ಹತ್ತಾರು ಕಡೆ ಅರ್ಜಿ, ಸಂದರ್ಶನ. ಅದರಲ್ಲಿ ಗೆದ್ದರೆ ಇನ್ನೂ 4 ವರ್ಷ ವೈದ್ಯಕೀಯ ಓದು. ಡಿಗ್ರಿ ಮುಗಿಸಿಯೂ ಸೀಟು ಸಿಗದೆ ಕೂತವರು ಬೇಕಾದಷ್ಟು ಜನ. ಬಿಎಸ್-ಎಂಡಿ ಅಂದರೆ ಹೈಸ್ಕೂಲ್ ಮುಗಿಸುವ ಹದಿನೇಳು ವರ್ಷದ ಹುಡುಗ ಹುಡುಗಿಯರಿಗೆ ಡಿಗ್ರಿ ಸೀಟಿನ ಜೊತೆಗೇ ಮುಂದಿನ ಮೆಡಿಕಲ್ ಸೀಟನ್ನೂ ಕಾಯ್ದಿರಿಸಿಕೊಡುವ ವ್ಯವಸ್ಥೆ. ಇಂತಿಷ್ಟು ಅಂಕ ಉಳಿಸಿಕೊಳ್ಳಬೇಕು, ಕೆಲವು ಕಡೆ ಎಂಕ್ಯಾಟ್ ಕೂಡ ಬರೆಯಬೇಕು. ಉಳಿದಂತೆ ಸೀಟು ಖಾತ್ರಿ.

ಫೋನ್ ಇಟ್ಟ ಮೇಲೆ ನನಗೊಂದು ಪ್ರಶ್ನೆ ಕಾಡಿತು. ಮೆಡಿಕಲ್ ಕಾಲೇಜಿನ ಮುಂದೆ ಡಿಗ್ರಿ ಅನ್ನೋ ದೊಡ್ಡ ಬಾಗಿಲು ಇಟ್ಟವರೂ ಅವರೇ. ಅದರ ಪಕ್ಕದಲ್ಲಿ ಈ ಕಿಂಡಿ ಕೊರೆದವರೂ ಅವರೇ. ಯಾಕೆ?

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಆ ಬಾಗಿಲೇ ಇರಲಿಲ್ಲ. ಬಹುಪಾಲು ಮೆಡಿಕಲ್ ಶಾಲೆಗಳು ಪಾಠ ಮಾಡುವ ಡಾಕ್ಟರುಗಳ ಸ್ವಂತ ಅಂಗಡಿಗಳು. ವಿದ್ಯಾರ್ಥಿ ಒಂದೊಂದು ಉಪನ್ಯಾಸಮಾಲೆಗೂ ಟಿಕೆಟ್ ಕೊಳ್ಳಬೇಕಿತ್ತು. ಕೆಲವೇ ತಿಂಗಳ ಎರಡು ಅವಧಿ, ಎರಡನೆಯದರಲ್ಲಿ ಮೊದಲನೆಯದೇ ಪಾಠ ಮತ್ತೆ. ದುಡ್ಡು ಕೊಟ್ಟವನಿಗೆ ಪ್ರವೇಶ. 1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್ ಲಿಖಿತ ಪರೀಕ್ಷೆ ತರಲು ಹೊರಟಾಗ, ನಮ್ಮ ಹುಡುಗರಲ್ಲಿ ಅನೇಕರಿಗೆ ಸರಿಯಾಗಿ ಬರೆಯೋಕೇ ಬರಲ್ಲವಲ್ಲ ಅಂತ ಅಧ್ಯಾಪಕರಿಂದಲೇ ಆಕ್ಷೇಪಣೆ ಬಂದಿತ್ತು!

ಬಾಗಿಲು ಕೂತಿದ್ದು 1893ರಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ಆ ಕಥೆ ಮಜವಾಗಿದೆ. ವಿಶ್ವವಿದ್ಯಾಲಯದ ಬಹುಪಾಲು ಹಣ ರೈಲ್ವೆ ಕಂಪನಿಯ ಷೇರಿನಲ್ಲಿತ್ತು. ಷೇರು ಬಿದ್ದು ಮೆಡಿಕಲ್ ಶಾಲೆ ತೆರೆಯಲು ಕಾಸಿಲ್ಲದಂತಾಯಿತು. ಅದೇ ರೈಲ್ವೆ ಕಂಪನಿಯ ಅಧ್ಯಕ್ಷನಾಗಿದ್ದವನ ಮಗಳು ಮೇರಿ ಗ್ಯಾರೆಟ್ ಮುಂದೆ ಬಂದು ಹಣ ಕೊಟ್ಟಳು, ಆದರೆ ಷರತ್ತು ಹಾಕಿ. ಗಂಡಸರಿಗಿರುವ ನಿಯಮದಲ್ಲೇ ಹೆಂಗಸರನ್ನೂ ಸೇರಿಸಿಕೊಳ್ಳಬೇಕು, ಸೇರುವವರಿಗೆ ಪದವಿ ಆಗಿರಬೇಕು. ಈ ನಿಯಮ ಎಷ್ಟು ಬಿಗಿಯಾಗಿತ್ತೆಂದರೆ, ನಾವು ಪ್ರೊಫೆಸರುಗಳಾಗಿ ಒಳಗೆ ಬಂದಿದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ಬರೋಕೆ ಆಗ್ತಿರಲಿಲ್ಲ ಅಂತ ವಿಲಿಯಂ ಆಸ್ಲರ್ ತಮಾಷೆ ಮಾಡಿದ್ದನಂತೆ.

1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಶಾಲೆಗಳ ಬಗ್ಗೆ ವರದಿ ಕೊಟ್ಟ. ಅವನ ಮಾದರಿ ಹಾಪ್ಕಿನ್ಸ್. ಕಳಪೆ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಒಳ್ಳೆಯದೇ ಆಯಿತು ಅನ್ನಬಹುದು. ಆದರೆ ಕಪ್ಪು ಜನರಿಗಾಗಿ ಇದ್ದ ಏಳು ಶಾಲೆಗಳ ಪೈಕಿ ಉಳಿಸಲು ಯೋಗ್ಯ ಎಂದು ಅವನು ಹೇಳಿದ್ದು ಹೋವರ್ಡ್ ಮತ್ತು ಮೆಹ್ಯಾರಿ ಎರಡನ್ನೇ. ಮಿಕ್ಕ ಐದೂ ಮುಚ್ಚಿಹೋದವು. ಡಾಕ್ಟರರ ಗುಣಮಟ್ಟ ಏರಿತು, ಜೊತೆಗೆ ಓದಿನ ವರ್ಷವೂ ಖರ್ಚೂ ಏರಿದವು. ಅಷ್ಟು ವರ್ಷ ದುಡಿಯದೆ ಓದಬಲ್ಲ ಮನೆಯ ಮಕ್ಕಳಿಗೆ ಮಾತ್ರ ಆ ಬಾಗಿಲು ಸಲೀಸಾಗಿ ತೆರೀತಿತ್ತು.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ಇನ್ನೊಂದು ತಲೆನೋವು ಶುರುವಾಯಿತು. ಜನಸಂಖ್ಯೆ ಬೆಳೀತಿದೆ, ಡಾಕ್ಟರುಗಳು ಸಾಲಲ್ಲ. 1959ರಲ್ಲಿ ಸರ್ಕಾರ ನೇಮಿಸಿದ ತಜ್ಞರ ಗುಂಪೊಂದು ಇದನ್ನೇ ಲೆಕ್ಕ ಹಾಕಿ ಎಚ್ಚರಿಸಿತು. ಎಂಟು ವರ್ಷದ ಓದನ್ನು ಚಿಕ್ಕದು ಮಾಡಬಹುದಾ ಎಂಬ ಚರ್ಚೆ ಆಗಲೇ ನಡೆದಿತ್ತು. 1961ರಲ್ಲಿ ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯಗಳು ಹೈಸ್ಕೂಲ್ ಮುಗಿಸಿದ ಜಾಣ ಮಕ್ಕಳನ್ನು ಆರಿಸಿ, ಆರು ವರ್ಷಗಳ ಆಸುಪಾಸಿನಲ್ಲೇ ಡಾಕ್ಟರಾಗುವ ದಾರಿ ತೆರೆದವು. 1971ರಲ್ಲಿ ಕಾನ್ಸಸ್ ಸಿಟಿಯಲ್ಲಿ ಇಡೀ ಮೆಡಿಕಲ್ ಶಾಲೆಯನ್ನೇ ಆರು ವರ್ಷದ ಲೆಕ್ಕದಲ್ಲಿ ಕಟ್ಟಿದರು. ಅಂದರೆ ಕಿಂಡಿಯ ಮೊದಲ ಕಾರಣ ಅವಸರ.

ಎರಡನೇ ಕಾರಣ ನ್ಯಾಯ. 1973ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು, ಮುಂದೆ ಸೋಫಿ ಡೇವಿಸ್ ಶಾಲೆ ಎಂದು ಹೆಸರಾದ ಕಾರ್ಯಕ್ರಮ ಶುರುಮಾಡಿತು. ನಗರದ ಬಡ, ವಲಸೆ, ಕಪ್ಪು ಕುಟುಂಬಗಳ ಮಕ್ಕಳು ಹೈಸ್ಕೂಲಿನಿಂದ ನೇರ ಬರಬಹುದು. ಬದಲಿಗೆ, ಡಾಕ್ಟರಾದ ಮೇಲೆ ಎರಡು ವರ್ಷ ವೈದ್ಯರಿಲ್ಲದ ಬಡಾವಣೆಗಳಲ್ಲಿ ಕೆಲಸ ಮಾಡ್ತೀನಿ ಅಂತ ಒಪ್ಪಿಕೊಳ್ಳಬೇಕು.

ಮೂರನೇ ಕಾರಣ ಮನಸ್ಸು. 1980ರ ದಶಕದಲ್ಲಿ ಬ್ರೌನ್ ವಿಶ್ವವಿದ್ಯಾಲಯ ಎಂಟು ವರ್ಷವನ್ನು ಒಂದು ದಿನವೂ ಕಡಿಮೆ ಮಾಡದೆ ಸೀಟನ್ನು ಮಾತ್ರ ಮೊದಲೇ ಖಾತ್ರಿ ಮಾಡಿತು. ಮೆಡಿಕಲ್ ಸೀಟಿನ ಭಯದಲ್ಲಿ ಹುಡುಗರು ಅಂಕಕ್ಕೋಸ್ಕರ ಕಿತ್ತಾಡ್ತಾರೆ, ಸಾಹಿತ್ಯ, ಇತಿಹಾಸದ ಕಡೆ ತಿರುಗಿಯೂ ನೋಡಲ್ಲ. ಭಯ ತೆಗೆದರೆ ಮನುಷ್ಯರಾಗಿ ಬೆಳೀತಾರೆ ಎಂಬ ನಂಬಿಕೆ. 1987ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಇನ್ನೂ ಮುಂದೆ ಹೋಗಿ, ಸಾಹಿತ್ಯ, ಸಮಾಜಶಾಸ್ತ್ರ ಓದುತ್ತಿರುವವರಿಗೆ ಎಂಕ್ಯಾಟ್ ಇಲ್ಲದೆಯೇ ಸೀಟು ಕಾಯ್ದಿರಿಸಿತು.

ಈಗ ಗೆಳೆಯನ ಮನೆಗೆ ವಾಪಸ್ ಬರೋಣ. ಭಯ ತೆಗೆಯೋಕೆ ಅಂತ ಮಾಡಿದ ದಾರಿಯಲ್ಲಿ ಭಯ ಹೋಗಲಿಲ್ಲ, ನಾಲ್ಕು ವರ್ಷ ಮುಂಚೆ ಬಂತು ಅಷ್ಟೆ. ಹೆಸರಾಂತ ಕಾರ್ಯಕ್ರಮಗಳಲ್ಲಿ ಸೀಟು ಬೆರಳೆಣಿಕೆಯಷ್ಟು. ಅದಕ್ಕೆ ಒಂಬತ್ತನೇ ತರಗತಿಯಿಂದಲೇ ಆಸ್ಪತ್ರೆಯಲ್ಲಿ ಸ್ವಯಂಸೇವೆ, ಬೇಸಿಗೆಯಲ್ಲಿ ಲ್ಯಾಬ್, ಪ್ರಬಂಧ ತಿದ್ದಲು ಸಾವಿರಾರು ಡಾಲರ್ ಪಡೆಯುವ ಸಲಹೆಗಾರರು. ಭಾರತೀಯ ಅಪ್ಪ ಅಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತಿರುವ ಆಟ. ನಮ್ಮ ಕೋಚಿಂಗ್ ಸೆಂಟರನ್ನೇ ಸೂಟ್‌ಕೇಸಿನಲ್ಲಿ ಒಯ್ದ ಹಾಗೆ.

ಆದರೆ ಇದೇ ಕಿಂಡಿಯ ಇನ್ನೊಂದು ರೂಪ ನೆಬ್ರಾಸ್ಕದಲ್ಲಿದೆ. ಅದು ಜೋಳ ಬೆಳೆಯುವ, ದನ ಸಾಕುವ ರಾಜ್ಯ. ಅಲ್ಲಿ 1990ರ ಸುಮಾರಿಗೆ ಶುರುವಾದ ಕಾರ್ಯಕ್ರಮದಲ್ಲಿ ಹಳ್ಳಿಗಾಡಿನ ಹೈಸ್ಕೂಲ್ ಮಕ್ಕಳನ್ನೇ ಆರಿಸ್ತಾರೆ. ಚಾಡ್ರನ್, ವೇಯ್ನ್ ಎಂಬ ಸಣ್ಣ ಊರುಗಳ ಸರ್ಕಾರಿ ಕಾಲೇಜಿನಲ್ಲಿ ಡಿಗ್ರಿ, ಶುಲ್ಕವಿಲ್ಲ. ಅಂಕ ಉಳಿಸಿಕೊಂಡರೆ ರಾಜ್ಯದ ಮೆಡಿಕಲ್ ಶಾಲೆಯಲ್ಲಿ ಸೀಟು ಖಾತ್ರಿ. ಲೆಕ್ಕ ಸರಳ: ಹಳ್ಳಿಯಲ್ಲಿ ಬೆಳೆದವನು ಹಳ್ಳಿಗೆ ಮರಳುವ ಸಾಧ್ಯತೆ ಹೆಚ್ಚು. ಇದು ಬರೀ ಆಸೆಯ ಮಾತಲ್ಲ. ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜು 1974ರಿಂದ ಹಳ್ಳಿ ಹಿನ್ನೆಲೆಯವರಿಗೆ ಪ್ರವೇಶದಲ್ಲಿ ಆದ್ಯತೆ ಕೊಟ್ಟಿತ್ತು. ಪೆನ್ಸಿಲ್ವೇನಿಯಾದ ಏಳು ಮೆಡಿಕಲ್ ಶಾಲೆಗಳಲ್ಲಿ ಓದಿದವರಲ್ಲಿ ಈ ಆದ್ಯತೆಯಿಂದ ಬಂದವರು ಶೇಕಡಾ 1 ಮಾತ್ರ. ಆದರೆ ಅಲ್ಲೇ ಓದಿ ಆ ರಾಜ್ಯದ ಹಳ್ಳಿಗಾಡಿನಲ್ಲಿ ಕುಟುಂಬವೈದ್ಯರಾಗಿದ್ದವರಲ್ಲಿ ಇವರು ಶೇಕಡಾ 21 ಅಂತ 1999ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಇದನ್ನು ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತೆ. ಯಾಕಂದ್ರೆ ನನ್ನ ಇಂಜಿನಿಯರಿಂಗ್ ಸೀಟೂ ಇಂಥದ್ದೇ ಒಂದು ಕಿಂಡಿಯಿಂದ ಬಂದದ್ದು, ಸಿಇಟಿಯ ಗ್ರಾಮೀಣ ಮೀಸಲಾತಿಯಲ್ಲಿ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲೇ ಓದಿದ್ದೀನಿ ಅಂತ ಹೆಡ್ ಮೇಷ್ಟ್ರ ಸಹಿ, ಅದರ ಮೇಲೆ ಬಿಇಒ ಸಹಿ. ಆ ಸಹಿಗಾಗಿ ಅಪ್ಪ ಎರಡು ದಿನ ಕೂಲಿ ಬಿಟ್ಟು ತಾಲ್ಲೂಕು ಕಚೇರಿ ಮುಂದೆ ಕಾದಿದ್ದ. ಸೀಟು ಕೊಟ್ಟವರು ನೀನು ಎಲ್ಲಿಂದ ಬಂದೆ ಅಂತ ಕೇಳಿದರು, ಎಲ್ಲಿಗೆ ಹೋಗ್ತೀಯಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಇವತ್ತೂ ಅವ್ವನಿಗೆ ಜ್ವರ ಬಂದರೆ ತಾಲ್ಲೂಕಿಗೇ ಬಸ್ ಹತ್ತಬೇಕು.

ನನ್ನಂಥವರ ಮೀಸಲಾತಿ ತಪ್ಪು ಅಂತ ಖಂಡಿತಾ ಹೇಳ್ತಿಲ್ಲ. ಅದಿಲ್ಲದಿದ್ದರೆ ಈ ಲೇಖನವೇ ಇರ್ತಿರಲಿಲ್ಲ. ಆದರೆ ಸೀಟು ಖಾತ್ರಿ ಅಂದಾಗ ಯಾರಿಗೆ ಅನ್ನೋದರ ಜೊತೆಗೆ ಯಾತಕ್ಕೆ ಅನ್ನೋದನ್ನೂ ಕೇಳಬೇಕು. ನೆಬ್ರಾಸ್ಕದವರು ಎರಡನ್ನೂ ಕೇಳಿದರು.

ಹೋದ ವಾರ ಗೆಳೆಯ ಮಗಳ ಪ್ರಬಂಧ ಕಳಿಸಿ, ಒಮ್ಮೆ ನೋಡು ಅಂದ. ಡಾಕ್ಟರ್ ಯಾಕಾಗಬೇಕು ಅನ್ನೋದು ವಿಷಯ. ಹಾಸನದ ಹಳ್ಳಿಯಲ್ಲಿರುವ ತನ್ನ ಅಜ್ಜಿ ಸಕ್ಕರೆ ಕಾಯಿಲೆಗೆ ಬಸ್ಸಲ್ಲಿ ಹೋಗಿಬರುವುದನ್ನು ಹುಡುಗಿ ತುಂಬಾ ಚೆನ್ನಾಗಿ ಬರೆದಿದ್ದಾಳೆ. ಎಲ್ಲೂ ಸುಳ್ಳಿಲ್ಲ. "ಆ ಅಜ್ಜಿಯ ಊರಿಗೆ ಯಾರು ಹೋಗ್ತಾರೆ ಪುಟ್ಟಾ?" ಅಂತ ಟೈಪ್ ಮಾಡಿ ಅಳಿಸಿದೆ. ಆ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ ಅನಿಸಿತು. ಎರಡು ಕಡೆ ಅಲ್ಪವಿರಾಮ ತಿದ್ದಿ, ಚೆನ್ನಾಗಿದೆ ಅಂತ ಬರೆದು ಕಳಿಸಿದೆ.