ಕಾರಿಗೆ ಇನ್ಶೂರೆನ್ಸ್ ಇದೆ, ಒಳಗೆ ಕೂತವರಿಗೆ ಇದೆಯಾ? ಯಾವುದು ಕಡ್ಡಾಯ, ಯಾವುದು ನಮ್ಮಿಷ್ಟ: ಇಲ್ಲಿದೆ ಮಾಹಿತಿ

ಕೊಪ್ಪ: ಮಳೆಗಾಲ ಶುರುವಾಗುವ ಮುಂಚೆ ವೈಪರ್ ಬದಲಿಸುತ್ತಾರೆ, ಟೈರ್ ನೋಡಿಸುತ್ತಾರೆ. ಇನ್ಶೂರೆನ್ಸ್ ಕಾಗದ ಮಾತ್ರ ಹೊರಗೆ ಬರುವುದು ಪೊಲೀಸರು ಕೈ ಅಡ್ಡ ಹಿಡಿದಾಗಲೇ. ದಿನಾಂಕ ದಾಟಿಲ್ಲ ಅಂದ್ರೆ ಮುಗೀತು, ಮತ್ತೆ ಡ್ಯಾಶ್‌ಬೋರ್ಡ್ ಒಳಗೆ. ಆದರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಓಡುವ ಎಷ್ಟೋ ಹಳೆ ಕಾರು, ಜೀಪುಗಳಿಗೆ ಇರುವುದು ಬರೀ ಥರ್ಡ್ ಪಾರ್ಟಿ ಪಾಲಿಸಿ. ಅದು ಎದುರಿನವರಿಗೆ ದುಡ್ಡು ಕೊಡುತ್ತದೆ. ಕಾರಿನ ರಿಪೇರಿಗೆ ಕೊಡುವುದಿಲ್ಲ. ಕಾರಿನೊಳಗೆ ಕೂತ ನೆಂಟರಿಗೂ, ಪಕ್ಕದ ಮನೆಯವರಿಗೂ ಕೊಡುವುದಿಲ್ಲ. ಈ ಕೊನೆಯ ಮಾತು ಹೆಚ್ಚಿನವರಿಗೆ ಗೊತ್ತಾಗುವುದು ಅಪಘಾತ ಆದ ಮೇಲೆ.

ಕಡ್ಡಾಯ ಇರುವುದು ಯಾವುದು?

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ರಸ್ತೆಗೆ ಇಳಿಯುವ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಪಾಲಿಸಿ ಮಾಡಿಸಿದ ಮಾಲೀಕ ಫಸ್ಟ್ ಪಾರ್ಟಿ, ವಿಮಾ ಕಂಪನಿ ಸೆಕೆಂಡ್ ಪಾರ್ಟಿ. ಈ ಇಬ್ಬರನ್ನು ಬಿಟ್ಟು ಹೊರಗಿನವರು ಥರ್ಡ್ ಪಾರ್ಟಿ: ರಸ್ತೆ ಬದಿ ನಡೆದು ಹೋಗುವವರು, ಎದುರಿನ ಬೈಕಿನವರು, ಶೆಟರ್ ಮುರಿಸಿಕೊಂಡ ಅಂಗಡಿಯವರು.

ಹೊರಗಿನವರು ಸತ್ತರೆ ಅಥವಾ ಗಾಯಗೊಂಡರೆ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಇಂತಿಷ್ಟೇ ಎಂಬ ಮಿತಿ ಇಲ್ಲ. ವಯಸ್ಸು, ದುಡಿಮೆ, ನಂಬಿಕೊಂಡ ಮನೆಯವರು ಎಷ್ಟು ಜನ ಎಂದು ನೋಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಮೊತ್ತ ನಿಗದಿ ಮಾಡುತ್ತದೆ. ದುಡಿಯುವ ವಯಸ್ಸಿನವರು ಸತ್ತರೆ ಅದು ಸುಲಭವಾಗಿ ಹಲವು ಲಕ್ಷ ದಾಟುತ್ತದೆ. ವಿಮೆ ಇಲ್ಲದಿದ್ದರೆ ಅಷ್ಟೂ ಮಾಲೀಕನ ತಲೆ ಮೇಲೆ. ತೋಟ, ಮನೆ ಜಪ್ತಿಗೆ ಬರುವುದು ಹೀಗೇ.

ಆಸ್ತಿ ಹಾನಿಗೆ ಮಾತ್ರ ಮಿತಿ ಇದೆ. ಸಾಮಾನ್ಯವಾಗಿ ಕಾರಿಗೆ 7.5 ಲಕ್ಷ, ಬೈಕಿಗೆ 1 ಲಕ್ಷ ರೂಪಾಯಿ. ಚೂರು ದುಡ್ಡು ಉಳಿಸಲು ಇದನ್ನು 6,000 ರೂಪಾಯಿಗೆ ಇಳಿಸಿಕೊಳ್ಳುವ ಅವಕಾಶವೂ ಪಾಲಿಸಿಯಲ್ಲಿದೆ. ಅದನ್ನು ಯಾರೂ ಆರಿಸಿಕೊಳ್ಳಬಾರದು. ಪೇಟೆ ರಸ್ತೆಯಲ್ಲಿ ಬ್ರೇಕ್ ಹಿಡಿಯದ ಕಾರು ಒಂದು ಅಂಗಡಿಗೆ ನುಗ್ಗಿದರೆ ಗಾಜು, ಫ್ರಿಜ್, ಸಾಮಾನು ಎಲ್ಲ ಸೇರಿ 6,000 ಯಾವ ಮೂಲೆಗೆ? ಅಂಗಡಿಯವರು ತಿಳಿದಿರಬೇಕಾದ್ದು ಇಷ್ಟು: ನುಗ್ಗಿದ ವಾಹನದ ನಂಬರ್ ಬರೆದುಕೊಂಡು, ಫೋಟೊ ತೆಗೆದು, ಠಾಣೆಯಲ್ಲಿ ದೂರು ಕೊಟ್ಟರೆ ಆ ವಾಹನದ ಥರ್ಡ್ ಪಾರ್ಟಿ ವಿಮೆಯಿಂದಲೇ ನಷ್ಟ ಕೇಳಬಹುದು.

ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ, ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094, 1,000ದಿಂದ 1,500 ಸಿಸಿಗೆ 3,416, ಅದಕ್ಕೂ ಮೇಲಿನದಕ್ಕೆ 7,897 ರೂಪಾಯಿ. 75ರಿಂದ 150 ಸಿಸಿ ಬೈಕಿಗೆ 714. ಇದರ ಮೇಲೆ ಜಿಎಸ್‌ಟಿ. ಹಾಗಾಗಿ ಬರೀ ಥರ್ಡ್ ಪಾರ್ಟಿಯನ್ನು 'ನಮ್ಮಲ್ಲಿ ಕಮ್ಮಿಗೆ ಮಾಡಿಕೊಡ್ತೀವಿ' ಅಂದವರ ಕಾಗದವನ್ನು ಎರಡು ಸಲ ನೋಡುವುದು ಒಳ್ಳೆಯದು. ನಕಲಿ ಪಾಲಿಸಿಯೂ ಇರುತ್ತದೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯೋ ಇಲ್ಲವೋ ಕಾಣುತ್ತದೆ.

ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕರೆ ದಂಡ 4,000. ದಂಡ ಕಟ್ಟಿ ಬರಬಹುದು ಬಿಡಿ. ದೊಡ್ಡ ತಲೆನೋವು ಬೇರೆ: ವಿಮೆ ಇಲ್ಲದ ವಾಹನ ಅಪಘಾತ ಮಾಡಿದರೆ, ಪರಿಹಾರಕ್ಕೆ ತಕ್ಕ ಭದ್ರತೆ ಕೊಡುವವರೆಗೆ ಅದನ್ನು ಬಿಡಬಾರದು ಎಂಬ ನಿಯಮ ತರುವಂತೆ 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ.

ಕೂತವರ ಗತಿ ಏನು?

ಮಲೆನಾಡಲ್ಲಿ ಕಾರು ಒಬ್ಬರಿಗಾಗಿ ಓಡುವುದು ಕಡಿಮೆ. ಮಣಿಪಾಲದ ಆಸ್ಪತ್ರೆಗೆ ಹೊರಟರೆ ಪಕ್ಕದ ಮನೆಯ ಅಜ್ಜಿಯೂ ತೋರಿಸಿಕೊಂಡು ಬರಲು ಹತ್ತುತ್ತಾರೆ. ಮದುವೆ, ತಿಥಿ, ತೋಟದ ಕೆಲಸ, ಶಾಲೆ ಮಕ್ಕಳು, ಎಲ್ಲದಕ್ಕೂ ಊರಲ್ಲಿ ಇರುವ ಒಂದೆರಡು ಗಾಡಿಯೇ ಆಧಾರ.

ಈಗ ಆ ಕಾರು ಶೃಂಗೇರಿಯಿಂದ ನೆಮ್ಮಾರು, ಕೆರೆಕಟ್ಟೆ ದಾಟಿ ಎಸ್.ಕೆ.ಬಾರ್ಡರ್ ಕಡೆ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಎದುರಿನ ಲಾರಿ ತಪ್ಪಿನಿಂದ ಗುದ್ದಿದರೆ ಕಾರಿನವರೆಲ್ಲ ಆ ಲಾರಿಗೆ ಥರ್ಡ್ ಪಾರ್ಟಿ, ಲಾರಿಯ ವಿಮೆಯಿಂದ ಪರಿಹಾರ ಕೇಳಬಹುದು. ಆದರೆ ಮಂಜಿನಲ್ಲಿ ತಿರುವು ಕಾಣದೆ, ಒದ್ದೆ ರಸ್ತೆಯಲ್ಲಿ ಜಾರಿ ಕಾರು ತಾನೇ ಚರಂಡಿಗೋ ಕಣಿವೆಗೋ ಇಳಿದರೆ? ಎದುರಿಗೆ ಬೇರೆ ವಾಹನವೇ ಇಲ್ಲ. ಆಗ ಗಾಯಗೊಂಡವರು ಕೇಳಬೇಕಾದ್ದು ಅದೇ ಕಾರಿನ ಮಾಲೀಕನನ್ನು ಮತ್ತು ಅವರ ವಿಮಾ ಕಂಪನಿಯನ್ನು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಂಪನಿ ಕೈ ಎತ್ತುತ್ತದೆ, ಕಾನೂನೂ ಅದರ ಪರ ಇದೆ.

2006ರಲ್ಲಿ ಸುಪ್ರೀಂ ಕೋರ್ಟ್ ಬೈಕಿನ ಹಿಂಬದಿ ಸವಾರರ ವಿಚಾರದಲ್ಲಿ ಹೀಗೇ ತೀರ್ಪು ಕೊಟ್ಟಿತು. ಕಡ್ಡಾಯ ಪಾಲಿಸಿ ಮಾತ್ರ ಇದ್ದಾಗ ಸುಮ್ಮನೆ ಹತ್ತಿಸಿಕೊಂಡವರಿಗೆ ಕಂಪನಿ ಹೊಣೆಯಲ್ಲ ಎಂಬುದು ಅದರ ಸಾರ. 2012ರ ನವೆಂಬರ್‌ನಲ್ಲಿ ಕಾರಿನ ಪ್ರಕರಣವೊಂದರಲ್ಲಿ ಅದೇ ಕೋರ್ಟ್ ಎರಡು ಪಾಲಿಸಿಗಳ ನಡುವಿನ ಗೆರೆಯನ್ನು ಸ್ಪಷ್ಟ ಮಾಡಿತು: ಪ್ಯಾಕೇಜ್ ಅಂದರೆ ಕಾಂಪ್ರಿಹೆನ್ಸಿವ್ ಪಾಲಿಸಿ ಇದ್ದರೆ ಖಾಸಗಿ ಕಾರಿನೊಳಗೆ ಕೂತವರ ಹೊಣೆ ಕಂಪನಿಯದ್ದು, ಬರೀ ಆ್ಯಕ್ಟ್ ಪಾಲಿಸಿ ಇದ್ದರೆ ಅಲ್ಲ. ವಿಮಾ ನಿಯಂತ್ರಕ ಸಂಸ್ಥೆ 2009ರಲ್ಲೇ ಪ್ಯಾಕೇಜ್ ಪಾಲಿಸಿ ಬಗ್ಗೆ ಇದೇ ಮಾತು ಹೇಳಿ ಸುತ್ತೋಲೆ ಹೊರಡಿಸಿತ್ತು.

'ಕಾರು ಹಳೇದು, ಫುಲ್ ಇನ್ಶೂರೆನ್ಸ್ ಯಾಕೆ ದಂಡ' ಎನ್ನುವವರು ಬೆಲೆ ಕಟ್ಟುವುದು ಕಾರಿಗೆ. ಒಂದೂವರೆ ಲಕ್ಷದ ಹಳೆ ಕಾರಿನಲ್ಲೂ ಕೂರುವುದು ಐದು ಜನ. ಜನ ಹತ್ತಿಸಿಕೊಂಡು ಓಡಾಡುವ ಗಾಡಿಯಾದರೆ ಪ್ಯಾಕೇಜ್ ಪಾಲಿಸಿ ಮಾಡಿಸುವುದೇ ಸರಿ. ಕಾಗದದ ಮೇಲ್ಭಾಗದಲ್ಲಿ 'ಲಯಬಿಲಿಟಿ ಓನ್ಲಿ' ಎಂದಿದ್ದರೆ ಅದು ಬರೀ ಥರ್ಡ್ ಪಾರ್ಟಿ.

ಇದಲ್ಲದೆ ಕಾರಿನಲ್ಲಿ ಕೂರುವವರಿಗೆ ತಲಾ 2 ಲಕ್ಷದವರೆಗೆ ವೈಯಕ್ತಿಕ ಅಪಘಾತ ವಿಮೆಯನ್ನು ಸಣ್ಣ ಮೊತ್ತಕ್ಕೆ ಸೇರಿಸಿಕೊಳ್ಳಬಹುದು. ಇದರಲ್ಲಿ ತಪ್ಪು ಯಾರದ್ದು ಎಂಬ ಪ್ರಶ್ನೆ ಬರುವುದಿಲ್ಲ. ಸಂಬಳಕ್ಕೆ ಡ್ರೈವರ್ ಇಟ್ಟುಕೊಂಡ ಎಸ್ಟೇಟಿನವರು ಡ್ರೈವರ್ ಹೊಣೆಯ ಕವರ್ ಕೇಳಿ ಸೇರಿಸಿಕೊಳ್ಳಬೇಕು. ಅದಕ್ಕೆ 50 ರೂಪಾಯಿ ಆಸುಪಾಸು, ಒಂದು ಪ್ಲೇಟ್ ತಿಂಡಿ ದುಡ್ಡು.

ಅಪ್ಪನ ಹೆಸರಿನ ಕಾರು, ಓಡಿಸುವವನು ಮಗ

ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಕಡ್ಡಾಯ. ಬೇರೆ ಕಡೆ ಅಷ್ಟು ಮೊತ್ತದ ಅಪಘಾತ ವಿಮೆ ಇದ್ದರೆ ಮತ್ತೆ ಬೇಡ. ಆದರೆ ಇದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ, ಅದೂ ಲೈಸೆನ್ಸ್ ಇದ್ದರೆ ಮಾತ್ರ. ಅಪ್ಪನ ಹೆಸರಿನ ಕಾರನ್ನು ಮಗ ಓಡಿಸುವಾಗ ಏನಾದರೂ ಆದರೆ ಈ 15 ಲಕ್ಷ ಮಗನಿಗೆ ಬರುವುದಿಲ್ಲ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಬೇರೆಯವರ ಬೈಕ್ ಕೇಳಿ ಪಡೆದು ಹೋಗಿ ಎತ್ತಿನ ಗಾಡಿಗೆ ಗುದ್ದಿ ಸತ್ತವರ ಮನೆಯವರು ಆ ಬೈಕಿನ ವಿಮೆಯಿಂದ ಪರಿಹಾರ ಕೇಳಿದ್ದರು. ಬೈಕ್ ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ, ಅವನು ಥರ್ಡ್ ಪಾರ್ಟಿ ಆಗುವುದಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಿರುವಾಗ ಗಾಡಿ ಹೆಚ್ಚು ಓಡಿಸುವವರ ಹೆಸರಲ್ಲಿ ಪ್ರತ್ಯೇಕ ಅಪಘಾತ ವಿಮೆ ಇರಲಿ.

ಬಿಳಿ ಬೋರ್ಡ್ ಬಾಡಿಗೆ

ರಜೆ ಬಂತೆಂದರೆ ಶೃಂಗೇರಿ, ಹೊರನಾಡು ಕಡೆ ಪ್ರವಾಸಿಗರು ತುಂಬುತ್ತಾರೆ. ಹಳದಿ ಬೋರ್ಡ್ ಗಾಡಿ ಸಿಗದಿದ್ದರೆ ಬಿಳಿ ಬೋರ್ಡ್ ಕಾರೇ ಬಾಡಿಗೆಗೆ ಹೊರಡುತ್ತದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು ಎಂದೇ ಬರೆದಿರುತ್ತದೆ. ಪ್ಯಾಕೇಜ್ ಪಾಲಿಸಿ ಇದ್ದರೂ ಕಾರಿನ ರಿಪೇರಿ ಕ್ಲೈಮ್ ತಿರಸ್ಕಾರ ಆಗಬಹುದು. ಹೊರಗಿನವರಿಗೆ ಏಟಾಗಿದ್ದರೆ, ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಅಷ್ಟನ್ನೂ ಮಾಲೀಕನಿಂದ ವಸೂಲಿ ಮಾಡಲಿ ಎಂದು ನ್ಯಾಯಮಂಡಳಿ ಹೇಳಬಹುದು. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟಾಗಲೂ ಇದೇ ಕಥೆ. ಒಂದು ದಿನದ ಬಾಡಿಗೆಗೆ ಇಷ್ಟು ದೊಡ್ಡ ರಿಸ್ಕ್!

ಪಿಕಪ್ ಓಡಿಸುವವರಿಗೆ ಒಂದು ಸಮಾಧಾನ ಇದೆ. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸರಕು ವಾಹನ ಓಡಿಸಲು ಬೇರೆ ಅನುಮತಿ ಬೇಡ ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ.

ಗಾಡಿ ಮಾರಿದ್ದೀರಾ?

ಪರಿಚಯದವರಿಗೆ ಗಾಡಿ ಮಾರಿ, ಸಹಿ ಹಾಕಿದ ಫಾರಂ ಕೊಟ್ಟು, 'ಹೆಸರು ಆಮೇಲೆ ಮಾಡಿಸ್ಕೊಳ್ಳಿ' ಎಂದು ಬಿಡುವ ರೂಢಿ ಇದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಲ್ಲಿ ಮಾಲೀಕ. ಕೈಯಿಂದ ಕೈಗೆ ಹಲವು ಸಲ ಮಾರಾಟವಾದ, ವಿಮೆ ಇಲ್ಲದ ಕಾರಿನ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹೊಣೆ ಹೊರಿಸಿದ್ದು ಆರ್‌ಸಿಯಲ್ಲಿ ಹೆಸರು ಉಳಿದಿದ್ದ ಮೊದಲ ಮಾಲೀಕನ ಮೇಲೆ. ಕೊಂಡವರು 14 ದಿನದೊಳಗೆ ಪಾಲಿಸಿಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ನೋ ಕ್ಲೈಮ್ ಬೋನಸ್ ಮಾತ್ರ ಕಾರಿನ ಜೊತೆ ಹೋಗುವುದಿಲ್ಲ, ಮಾರಿದವರ ಹತ್ತಿರವೇ ಉಳಿಯುತ್ತದೆ.

ನಮ್ಮಿಷ್ಟದ ಭಾಗ

ಕಾರಿನ ಹಾನಿಗೆ ಮಾಡಿಸುವ ಓನ್ ಡ್ಯಾಮೇಜ್ ವಿಮೆ ಕಡ್ಡಾಯ ಅಲ್ಲ. ಮರ ಬಿದ್ದದ್ದು, ಧರೆ ಕುಸಿದದ್ದು, ನೆರೆ, ಬೆಂಕಿ, ಕಳ್ಳತನ, ರಾತ್ರಿ ಕಾಟಿ ಅಡ್ಡ ಬಂದು ಗುದ್ದಿದ್ದು, ಎಲ್ಲ ಇದರಲ್ಲಿ ಬರುತ್ತದೆ. ಬ್ಯಾಂಕ್ ಸಾಲ ಇದ್ದರೆ ಬ್ಯಾಂಕಿನವರೇ ಕೇಳುತ್ತಾರೆ.

ತುಂಗೆ ಉಕ್ಕಿದಾಗ ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ಬರುವುದು ಗೊತ್ತಿರುವ ವಿಷಯ. ನಿಲ್ಲಿಸಿದ ಕಾರಿಗೆ ನೀರು ನುಗ್ಗಿದರೆ ಮೊದಲು ಮಾಡಬಾರದ ಕೆಲಸ ಸ್ಟಾರ್ಟ್ ಮಾಡುವುದು. ನೀರು ಎಳೆದುಕೊಂಡು ಎಂಜಿನ್ ಹಾಳಾದರೆ ಅದು ನೆರೆಯ ಹಾನಿ ಅಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಕಂಪನಿಗಳು ವಾದಿಸುತ್ತವೆ. ಎಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಇರುವುದು ಇದಕ್ಕೇ. ಇಲ್ಲದವರು ಸ್ಟಾರ್ಟ್ ಮಾಡದೆ, ಎಳೆಸಿಕೊಂಡೇ ಹೋಗಬೇಕು.

ಪೂರ್ತಿ ದುಡ್ಡು ಬರುತ್ತದೆ ಎಂದೂ ತಿಳಿಯಬೇಡಿ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಕಡಿತ. 12,000 ರೂಪಾಯಿಯ ಬಂಪರ್ ಹೋದರೆ ಲೆಕ್ಕಕ್ಕೆ ಸಿಗುವುದು 6,000, ಅದರಲ್ಲಿ ಪ್ರತಿ ಕ್ಲೈಮಿಗೆ ಕಡ್ಡಾಯವಾಗಿ ಕಳೆಯುವ 1,000 ಹೋಗಿ 5,000 (1,500 ಸಿಸಿ ಮೇಲಿನ ಕಾರಿಗೆ ಕಳೆಯುವುದು 2,000). ಜನ 'ಬಂಪರ್ ಟು ಬಂಪರ್' ಎನ್ನುವ ಝೀರೊ ಡೆಪ್ರಿಸಿಯೇಷನ್ ಆ್ಯಡ್-ಆನ್ ಈ ಅರ್ಧ ಕಡಿತ ತಪ್ಪಿಸುತ್ತದೆ, ಹೊಸ ಕಾರಿಗೆ ಲಾಭ.

ಹೊಸ ಕಾರಿನವರು ಇನ್ನೊಂದನ್ನು ಗಮನಿಸಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಮಾಡಿಸಬೇಕು. ಆದರೆ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷಕ್ಕೆ. ಶೋರೂಮಿನವರು ಮೂರು ವರ್ಷದ್ದು ಮಾಡಿಕೊಟ್ಟಿದ್ದಾರೆ ಎಂದು ಸುಮ್ಮನೆ ಕೂತವರ ಕಾರಿನ ಮೇಲೆ ಎರಡನೇ ಮಳೆಗಾಲದಲ್ಲಿ ಮರ ಬಿದ್ದರೆ ಏನೂ ಸಿಗುವುದಿಲ್ಲ. ಅವಧಿ ಮುಗಿದು 90 ದಿನ ದಾಟಿದರೆ 50 ಶೇಕಡದವರೆಗೆ ಕೂಡಿಬಂದ ನೋ ಕ್ಲೈಮ್ ಬೋನಸ್ ಕೂಡ ಹೋಗುತ್ತದೆ.

ಅಪಘಾತ ಆದಾಗ

ರಸ್ತೆ ಬದಿಯಲ್ಲೇ ರಾಜಿ ಮಾಡಿ ಕಳಿಸುವುದು ನಮ್ಮ ಕಡೆ ಮಾಮೂಲಿ. ಗೀರು, ತಗ್ಗು ಆದರೆ ಸರಿ. ಮನುಷ್ಯರಿಗೆ ಏಟಾಗಿದ್ದರೆ ಬೇಡ. ಪೊಲೀಸ್ ದಾಖಲೆ ಇಲ್ಲದೆ ಆಮೇಲೆ ಪರಿಹಾರ ಕೇಳುವುದು ಬಹಳ ಕಷ್ಟ. 'ಎಲ್ಲಾ ಖರ್ಚು ನಂದೇ' ಎಂದು ಮಾಲೀಕ ಬಾಯಿಮಾತಲ್ಲಿ ಒಪ್ಪಿಕೊಂಡರೆ ಅದು ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಮೊದಲು ಆಸ್ಪತ್ರೆ, ಆಮೇಲೆ ಠಾಣೆ, ಅದೇ ದಿನ ಕಂಪನಿಗೆ ಫೋನ್.

ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಈ ಗಡುವು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನೆಗೆ ಒಳಗಾಗಿದ್ದರೂ ಆರು ತಿಂಗಳನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ತಪ್ಪು ಯಾರದ್ದೆಂದು ಸಾಬೀತು ಮಾಡುವ ಗೋಜಿಲ್ಲದೆ 164ನೇ ಸೆಕ್ಷನ್‌ನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳುವ ದಾರಿಯೂ ಇದೆ.

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೂ ಸುಮ್ಮನಿರಬೇಕಿಲ್ಲ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ಅದಕ್ಕೆ ಕೋರ್ಟ್ ಬೇಡ, ಎಫ್‌ಐಆರ್ ಮತ್ತು ಆಸ್ಪತ್ರೆ ದಾಖಲೆ ಇಟ್ಟು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಅರ್ಜಿ ಕೊಡಬೇಕು.