ಬಾಳೆಗಿಡದ ನೋಟು: ಮಲಯದಲ್ಲಿ ಜಪಾನೀ ಸೈನ್ಯಾಡಳಿತ

ಎರಡನೆಯ ಮಹಾಯುದ್ಧದ ಇತಿಹಾಸವನ್ನು ಓದುವವರಿಗೆ ಸಿಂಗಾಪುರದ ಪತನವು ಚಿರಪರಿಚಿತವಾದ ಸಂಗತಿ. 1941ರ ಡಿಸೆಂಬರ್ 8ರಂದು ಕೋಟಾ ಭಾರುವಿನ ಕಡಲತೀರದಲ್ಲಿ ಇಳಿದ ಜಪಾನೀ ಸೈನ್ಯವು ಮಲಯ ಪರ್ಯಾಯದ್ವೀಪವನ್ನು ಉದ್ದಕ್ಕೂ ಆಕ್ರಮಿಸಿ, 1942ರ ಫೆಬ್ರವರಿ 15ರಂದು ಆ ದುರ್ಗವನ್ನು ವಶಪಡಿಸಿಕೊಂಡಿತು. ನಮ್ಮ ಪಾಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ಪುಟ ಮಗುಚುತ್ತವೆ. ಆ ಬಳಿಕ ಮೂರೂವರೆ ವರ್ಷ ಆ ನಾಡಿನ ಜನರು ಏನನ್ನು ಉಂಡರು, ಏನನ್ನು ಉಟ್ಟರು ಎಂಬುದೇ ಈ ಲೇಖನದ ವಿಷಯ.

ಮಲಯವು ರಬ್ಬರು ಮತ್ತು ತವರವನ್ನು ಜಗತ್ತಿಗೆ ಮಾರಿ, ತನ್ನ ಅನ್ನವನ್ನು ಬರ್ಮಾ, ಸಯಾಮ್‌ಗಳಿಂದ ಕೊಂಡು ತರುತ್ತಿದ್ದ ನಾಡು. ಉಣ್ಣುವ ಅಕ್ಕಿಯಲ್ಲಿ ಹೆಚ್ಚಿನ ಪಾಲು ಹೊರಗಿನದೇ. ಯುದ್ಧದಿಂದ ಮಾರುಕಟ್ಟೆಯೂ ಹಡಗೂ ಒಟ್ಟಿಗೆ ಇಲ್ಲವಾದವು. ಜಪಾನಿಗೆ ಬೇಕಾಗಿದ್ದ ರಬ್ಬರಿಗಿಂತ ಅದು ಗೆದ್ದುಕೊಂಡ ತೋಟಗಳ ರಬ್ಬರು ಎಷ್ಟೋ ಹೆಚ್ಚು. ಆದುದರಿಂದ ತೋಟಗಳು ಪಾಳುಬಿದ್ದವು, ಕೂಲಿಗಳು ನಿರುದ್ಯೋಗಿಗಳಾದರು. 1943ರಲ್ಲಿ ಭತ್ತ ಬೆಳೆಯುವ ಕೆಡಾ ಮೊದಲಾದ ಉತ್ತರದ ನಾಲ್ಕು ಸಂಸ್ಥಾನಗಳನ್ನು ಜಪಾನು ತನ್ನ ಮಿತ್ರನಾದ ಸಯಾಮಿಗೆ ಒಪ್ಪಿಸಿಬಿಟ್ಟಿತು. ಮರಗೆಣಸು, ಸಿಹಿಗೆಣಸುಗಳೇ ಜನರ ಮುಖ್ಯ ಆಹಾರವಾದವು. ಬೆರಿಬೆರಿ, ಮಲೇರಿಯಾ, ವಾಸಿಯಾಗದ ಹುಣ್ಣುಗಳು ಹಬ್ಬಿದವು. ಬಟ್ಟೆಯ ಅಭಾವದಲ್ಲಿ ಗೋಣಿತಾಟನ್ನು ಉಟ್ಟವರೂ ಇದ್ದರು.

ಈ ಕಷ್ಟಗಳಿಗೆಲ್ಲ ಮೇಲಣ ಮುಸುಕಿನಂತಿದ್ದುದು ಸೈನ್ಯವು ಹೊರಡಿಸಿದ ಕಾಗದದ ಹಣ. ಹತ್ತು ಡಾಲರಿನ ನೋಟಿನ ಮೇಲೆ ಬಾಳೆಗಿಡದ ಚಿತ್ರವಿದ್ದುದರಿಂದ ಜನರು ಅದನ್ನು ಬಾಳೆಯ ಹಣವೆಂದೇ ಕರೆದರು. ಇದರ ಹಿಂದೆ ಚಿನ್ನವಿರಲಿಲ್ಲ, ಬೆಳ್ಳಿಯಿರಲಿಲ್ಲ. ಕ್ರಮಸಂಖ್ಯೆಯೂ ಇಲ್ಲದ ನೋಟುಗಳು ಬಂದವು. ಆದರೂ ಹಳೆಯ ಡಾಲರಿಗೆ ಇದು ಸಮಾನವೆಂದು ಆಜ್ಞೆಯಾಯಿತು; ನಿರಾಕರಿಸಿದವರಿಗೆ ದಂಡನೆ. ಕತ್ತಿಯನ್ನು ಹಿರಿಯದೆಯೇ ಅಂಗಡಿಯ ಸರಕನ್ನೂ ಹೊಲದ ಬೆಳೆಯನ್ನೂ ಕೊಂಡೊಯ್ಯುವ ಉಪಾಯವಿದು. ಸುಲಿಗೆಗೆ ವ್ಯಾಪಾರದ ವೇಷ ಹಾಕಿದ್ದೇ ಇದರ ವಿಶೇಷವೆಂದು ನನ್ನ ಭಾವನೆ. ನೋಟು ಅಚ್ಚಾದಷ್ಟೂ ಬೆಲೆಗಳು ಏರಿದವು. ಹಣವನ್ನು ಹಿಂದಕ್ಕೆ ಸೆಳೆಯಲು ಸರ್ಕಾರವೇ ಲಾಟರಿಯನ್ನು ನಡೆಸಿತು. ಚೀನೀಯರಿಂದಂತೂ ನೇರವಾಗಿಯೇ 5 ಕೋಟಿ ಡಾಲರು ‘ಕಾಣಿಕೆ’ ಕೇಳಲಾಯಿತು. ಸುಮಾರು 2 ಕೋಟಿ 80 ಲಕ್ಷವನ್ನಷ್ಟೇ ಕೂಡಿಸಲು ಸಾಧ್ಯವಾದಾಗ, ಉಳಿದುದನ್ನು ಜಪಾನಿನದೇ ಬ್ಯಾಂಕಿನಿಂದ ಬಡ್ಡಿಗೆ ತಂದು ಒಪ್ಪಿಸಬೇಕಾಯಿತು!

ಸಾಲದ ವ್ಯವಹಾರದಲ್ಲಿ ಇದರಿಂದಾದ ಗೊಂದಲವು ವಿಚಾರಾರ್ಹ. ಯುದ್ಧಕ್ಕೆ ಮೊದಲು ಒಳ್ಳೆಯ ಹಣವನ್ನು ಕಡ ತಂದವರು ಈ ಕಾಗದದಿಂದ ಋಣಮುಕ್ತರಾದರು. ತಮಿಳುನಾಡಿನ ಚೆಟ್ಟಿಯಾರರೇ ಮೊದಲಾದ ಸಾಲಿಗರು ಕೈಚೆಲ್ಲಿ ಕುಳಿತರು. ಸಾಲಗಾರನನ್ನು ಜರೆಯುವುದು ಸುಲಭ. ಆದರೆ ಅವನ ದುಡಿಮೆಗೆ ಸಿಗುತ್ತಿದ್ದುದೂ ಅದೇ ಕಾಗದವಲ್ಲವೇ? 1945ರಲ್ಲಿ ಮರಳಿ ಬಂದ ಬ್ರಿಟಿಷರು ಈ ಹಣಕ್ಕೆ ಬೆಲೆಯಿಲ್ಲವೆಂದು ಸಾರಿದಾಗ, ಅದನ್ನು ಜೋಪಾನವಾಗಿ ಕೂಡಿಟ್ಟಿದ್ದ ಮನೆಗಳು ಒಂದೇ ದಿನದಲ್ಲಿ ಬರಿದಾದವು. ಆ ಕಾಲದ ಸಾಲ ಸಂದಾಯಗಳ ವ್ಯಾಜ್ಯವನ್ನು ಬಗೆಹರಿಸಲು 1948ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು.

ಎಲ್ಲಕ್ಕಿಂತ ದಾರುಣವಾದುದು ತೋಟದ ಕೂಲಿಗಳ ಪಾಡು. ಅವರಲ್ಲಿ ಬಹುಸಂಖ್ಯಾತರು ತಮಿಳರು. ಸಯಾಮ್‌ನಿಂದ ಬರ್ಮಾಕ್ಕೆ 415 ಕಿಲೋಮೀಟರ್ ರೈಲುದಾರಿಯನ್ನು ನಿರ್ಮಿಸುವುದಕ್ಕಾಗಿ ಅವರನ್ನು ಮೊದಲು ಕೂಲಿಯ ಆಸೆ ತೋರಿಸಿ, ಆಮೇಲೆ ಬಲವಂತದಿಂದ ಸಾಗಿಸಲಾಯಿತು. ಬಿಳಿಯ ಯುದ್ಧಕೈದಿಗಳ ಸಂಕಟವನ್ನು ಪುಸ್ತಕಗಳೂ ಚಲನಚಿತ್ರಗಳೂ ಲೋಕಕ್ಕೆಲ್ಲ ತಿಳಿಸಿವೆ. ಅವರಿಗೆ ತಮ್ಮವರೇ ಆದ ವೈದ್ಯರಿದ್ದರು, ಸತ್ತವರ ಹೆಸರನ್ನು ಬರೆದಿಡುವ ಅಧಿಕಾರಿಗಳಿದ್ದರು. ಕೂಲಿಗಳಿಗೆ ಇವೆರಡೂ ಇರಲಿಲ್ಲ. 1943ರ ಮಳೆಗಾಲದಲ್ಲಿ ಕಾಲರಾ ಹಬ್ಬಿದಾಗ ಬಿಡಾರಕ್ಕೆ ಬಿಡಾರವೇ ಬರಿದಾಯಿತು. ಸತ್ತ ಏಷ್ಯನ್ ಕೂಲಿಗಳ ಸಂಖ್ಯೆ ಹತ್ತಾರು ಸಾವಿರ. ನಿಖರವಾದ ಲೆಕ್ಕವನ್ನು ಯಾರೂ ಇಡಲಿಲ್ಲ. ಇತ್ತ ತೋಟದ ಸಾಲುಮನೆಗಳಲ್ಲಿ ವಿಧವೆಯರೂ ಅನಾಥ ಮಕ್ಕಳೂ ಉಳಿದರು.

ಸೈನ್ಯವು ಹೊರಟುಹೋದರೂ ಅದು ಕದಡಿದ ಬಾಳು ತಿಳಿಯಾಗಲಿಲ್ಲ. ಹಸಿವಿಗೂ ಕೊಲೆಗೂ ಅಂಜಿ ಕಾಡಿನಂಚಿಗೆ ಸರಿದ ಚೀನೀಯರು ಅಲ್ಲಿಯೇ ಪಟ್ಟಾ ಇಲ್ಲದ ನೆಲದಲ್ಲಿ ಗೆಣಸು, ತರಕಾರಿ ಬೆಳೆದು ಬದುಕತೊಡಗಿದ್ದರು. 1948ರಲ್ಲಿ ಕಮ್ಯೂನಿಸ್ಟರ ಬಂಡಾಯವು ಆರಂಭವಾದಾಗ ಬಂಡಾಯಗಾರರಿಗೆ ಅನ್ನ ಒದಗುವುದು ಇವರಿಂದಲೇ ಎಂದು ಸರ್ಕಾರವು ಬಗೆಯಿತು. 1950ರಿಂದ ಮುಂದೆ ಸುಮಾರು 5 ಲಕ್ಷ ಜನರನ್ನು ಆ ನೆಲದಿಂದ ಎಬ್ಬಿಸಿ, ಮುಳ್ಳುತಂತಿಯ ಬೇಲಿ ಹಾಕಿದ ಹೊಸ ಹಳ್ಳಿಗಳಲ್ಲಿ ಇರಿಸಲಾಯಿತು.